ಚನ್ನಪಟ್ಟಣಕ್ಕೆ ಅಕ್ಷರಗಳೆಷ್ಟು?

ಚನ್ನಪಟ್ಟಣ ಎಂಬ ಊರ ಹೆಸರಿನಲ್ಲಿ ಅಕ್ಷರಗಳೆಷ್ಟು ಎಂದು ಪ್ರಾಥಮಿಕ ಶಾಲೆಯ ಮಗುವನ್ನು ಕೇಳಿದರೆ, ಅದು ಚ, ನ್ನ, ಪ, ಟ್ಟ, ಣ ಎಂದು ಬೆರಳು ಮಡಿಸಿ, ಐದು ಎಂದು ಹೇಳುತ್ತದೆ. ಇದೇ ಪ್ರಶ್ನೆಯನ್ನು ಗಣಕಯಂತ್ರಕ್ಕೆ ಹಾಕಿದರೆ ಬರುವ ಉತ್ತರ ಒಂದಲ್ಲ. ಗಣಕಕ್ಕೆ ಆಜ್ಞೆ ಕೊಡಲು ಮನುಷ್ಯರು ಹಲವು ಭಾಷೆಗಳನ್ನು ರಚಿಸಿಕೊಂಡಿದ್ದಾರೆ. ಅವುಗಳನ್ನು ಪ್ರೋಗ್ರಾಮಿಂಗ್ ಭಾಷೆಗಳೆನ್ನುತ್ತೇವೆ. ಗೋ ಎಂಬ ಭಾಷೆಯಲ್ಲಿ ಕೇಳಿದರೆ 27 ಎಂದು ಉತ್ತರ ಬರುತ್ತದೆ. ಜಾವಾದಲ್ಲಿಯೂ ಪೈಥಾನಿನಲ್ಲಿಯೂ ಕೇಳಿದರೆ 9. ಸ್ವಿಫ್ಟ್ ಎಂಬ ಭಾಷೆ 2023ರ ಯೂನಿಕೋಡ್ ನಿಯಮದಂತೆ ಎಣಿಸಿದರೆ 7. ಮಗು ಹೇಳಿದ ಐದನ್ನು ತಾನಾಗಿಯೇ ಹೇಳುವ ಭಾಷೆ ಇವುಗಳಲ್ಲಿ ಒಂದೂ ಇಲ್ಲ. ಹಾಗೆಂದು ಇವುಗಳಲ್ಲಿ ಯಾವುದೂ ಲೆಕ್ಕ ತಪ್ಪಿಲ್ಲ. ಒಂದೊಂದು ಭಾಷೆ ಒಂದೊಂದು ವಸ್ತುವನ್ನು ಎಣಿಸುತ್ತಿದೆ, ಅಷ್ಟೆ.

ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಾಗಿದ್ದರೆ ಇಷ್ಟು ವಿಸ್ತಾರವಾಗಿ ಹೇಳಬೇಕಾದ್ದಿರಲಿಲ್ಲ. ಆದರೆ ಇಂದು ನಮ್ಮ ಹೆಸರು, ನಮ್ಮ ಊರು, ನಮ್ಮ ಜಮೀನಿನ ವಿವರ ಎಲ್ಲವೂ ಗಣಕದೊಳಗೇ ಇವೆ. ಪಡಿತರ ಚೀಟಿ, ಪಹಣಿ, ಆಸ್ಪತ್ರೆಯ ಚೀಟಿ, ಕಾರ್ಖಾನೆಯ ಹಾಜರಿ ಪಟ್ಟಿ ಇವೆಲ್ಲ ಅಕ್ಷರಗಳ ಸಾಲುಗಳೇ. ಆ ಸಾಲನ್ನು ಗಣಕ ಹೇಗೆ ಕೂಡಿಡುತ್ತದೆ, ಅದರಲ್ಲಿ ಇಷ್ಟನೆಯದು ಎಂದು ಕೇಳಿದಾಗ ಏನನ್ನು ಎತ್ತಿಕೊಡುತ್ತದೆ, ಜಾಗ ಸಾಲದಾಗ ಎಲ್ಲಿ ಕತ್ತರಿಸುತ್ತದೆ ಎಂಬುದರ ಮೇಲೆ ಒಬ್ಬ ಮನುಷ್ಯನ ಹೆಸರು ದಾಖಲೆಯಲ್ಲಿ ಪೂರ್ತಿಯಾಗಿ ಉಳಿಯುವುದೋ ಮುಕ್ಕಾಗುವುದೋ ನಿಂತಿದೆ.

ಅಕ್ಷರಗಳ ಇಂಥ ಸಾಲಿಗೆ ಗಣಕಶಾಸ್ತ್ರದಲ್ಲಿ ಸ್ಟ್ರಿಂಗ್ ಎಂದು ಹೆಸರು. ನಾವು ಅದನ್ನು ಸರ ಎನ್ನೋಣ. ಮಣಿಗಳನ್ನು ಪೋಣಿಸಿದಂತೆ ಅಕ್ಷರಗಳನ್ನು ಪೋಣಿಸಿದ ಸರ. ಮಣಿ ಎಂದರೆ ಯಾವುದು ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆ ಇಂಗ್ಲಿಷಿನವರಿಗೆ ಬಹುಕಾಲ ಎದುರಾಗಲೇ ಇಲ್ಲ. 1963ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ ಒಟ್ಟು 128 ಸ್ಥಾನಗಳು. ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಅಂಕಿ, ಲೇಖನ ಚಿಹ್ನೆ ಎಲ್ಲವೂ ಅದರಲ್ಲಿ ಅಡಕವಾದವು. ಗಣಕದ ಸ್ಮೃತಿಯಲ್ಲಿ ಬೈಟು ಎಂಬ ಒಂದು ಪುಟ್ಟ ಕೋಣೆಯಿದೆ. ಅದರಲ್ಲಿ 0ಯಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಇಡಬಹುದು. ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾಯಿತು. ಒತ್ತುವ ಕೀಲಿ ಒಂದು, ಕೂಡಿಡುವ ಬೈಟು ಒಂದು, ಕಣ್ಣಿಗೆ ಕಾಣುವ ಅಕ್ಷರವೂ ಒಂದು. 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಅವರು ಸಿ ಎಂಬ ಭಾಷೆಯನ್ನು ರೂಪಿಸಿದಾಗ ಸರವೆಂದರೆ ಒಂದರ ಹಿಂದೊಂದು ನಿಂತ ಬೈಟುಗಳು, ಕೊನೆಯಲ್ಲೊಂದು ಸೊನ್ನೆ ಎಂದು ಇಟ್ಟುಕೊಂಡದ್ದು ಸಹಜವೇ ಆಗಿತ್ತು. ಮೂರು ಲೆಕ್ಕಗಳೂ ಒಂದೇ ಆಗಿದ್ದರಿಂದ ಅವು ಮೂರು ಎಂಬ ಅರಿವೇ ಯಾರಿಗೂ ಉಂಟಾಗಲಿಲ್ಲ.

ಕನ್ನಡದ ಸ್ವಭಾವ ಬೇರೆ. ನಮ್ಮ ವರ್ಣಮಾಲೆಯಲ್ಲಿ ಐವತ್ತರ ಆಸುಪಾಸು ವರ್ಣಗಳಿದ್ದರೂ ಬರೆಹದಲ್ಲಿ ಕಾಣುವ ಅಕ್ಷರಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ವ್ಯಂಜನಕ್ಕೆ ಸ್ವರ ಸೇರಿ ಕಾಗುಣಿತ ಬೆಳೆಯುತ್ತದೆ; ವ್ಯಂಜನಕ್ಕೆ ವ್ಯಂಜನ ಸೇರಿ ಒತ್ತಕ್ಷರವಾಗುತ್ತದೆ; ಒತ್ತಕ್ಷರಕ್ಕೆ ಮತ್ತೆ ಒತ್ತು ಬೀಳುತ್ತದೆ, ಗುಣಿತ ಬರುತ್ತದೆ. ಹೀಗೆ ಆಗಬಲ್ಲ ಅಕ್ಷರಗಳ ಪಟ್ಟಿಯನ್ನು ಮುಂಚಿತವಾಗಿ ಬರೆದು ಮುಗಿಸುವಂತಿಲ್ಲ. ಆದುದರಿಂದ ಕನ್ನಡವನ್ನು ಯಂತ್ರಕ್ಕೆ ಒಪ್ಪಿಸಿದವರೆಲ್ಲರೂ ಅಕ್ಷರವನ್ನು ಒಡೆದು ತುಂಡುಗಳನ್ನು ಮಾಡಿಕೊಳ್ಳಲೇಬೇಕಾಯಿತು. ಯಾವ ಗೆರೆಯಲ್ಲಿ ಒಡೆಯಬೇಕು ಎಂಬಲ್ಲಿ ಎರಡು ದಾರಿಗಳು ಕವಲೊಡೆದವು.

ಮೊದಲನೆಯದು ಆಕಾರದ ದಾರಿ. ಬೆರಳಚ್ಚು ಯಂತ್ರದಲ್ಲಿ ಇದ್ದ ಹಾಗೆ ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತು ಎಂದು ಕಾಣುವ ತುಂಡುಗಳಿಗೆ ಒಂದೊಂದು ಸಂಖ್ಯೆ ಕೊಡುವುದು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ ಮುಂತಾದ ತಂತ್ರಾಂಶಗಳ ಮೊದಮೊದಲ ಅಕ್ಷರವಿನ್ಯಾಸಗಳು ಈ ದಾರಿಯವು. ಆ ಕಾಲದ ಯಂತ್ರಗಳಲ್ಲಿ ಕನ್ನಡವನ್ನು ಅಂದವಾಗಿ ಮೂಡಿಸಲು ಅದೇ ಸುಲಭೋಪಾಯವಾಗಿತ್ತು. ಎರಡನೆಯದು ಉಚ್ಚಾರದ ದಾರಿ. ಕಾಣುವುದು ಹೇಗಾದರೂ ಇರಲಿ, ನುಡಿಯುವ ಕ್ರಮದಲ್ಲಿ ವ್ಯಂಜನ, ಹಲಂತ, ವ್ಯಂಜನ, ಸ್ವರಚಿಹ್ನೆ ಎಂದು ಸಂಖ್ಯೆಗಳನ್ನು ಇಟ್ಟುಕೊಂಡು ಹೋಗುವುದು. ಅದನ್ನು ಚಿತ್ರವಾಗಿ ಜೋಡಿಸುವ ಹೊಣೆಯನ್ನು ಯಂತ್ರಕ್ಕೆ ಬಿಡುವುದು. ಭಾರತೀಯ ಲಿಪಿಗಳಿಗೆಂದು 1988ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದ ಇಸ್ಕಿ ಪದ್ಧತಿ ಈ ಬಗೆಯದು. ಅದೇ 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ವಿಶ್ವಸಂಕೇತವೂ ಇಸ್ಕಿಯ 1988ರ ರೂಪವನ್ನೇ ಅನುಸರಿಸಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿತು.

ಎರಡು ದಾರಿಗಳಿಗೂ ಇರುವ ಅಂತರವನ್ನು ರಾಮನಗರ, ಕನಕಪುರಗಳ ಬಳಿ ಹರಿದು ಕಾವೇರಿಯನ್ನು ಸೇರುವ ಅರ್ಕಾವತಿಯ ಹೆಸರಿನಲ್ಲಿಯೇ ನೋಡಬಹುದು. ನುಡಿಯುವಾಗ ರಕಾರ ಮೊದಲು, ಕಕಾರ ಆಮೇಲೆ. ಬರೆಯುವಾಗ ಕಾ ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಆಕಾರದ ದಾರಿಯಲ್ಲಿ ಸಂಗ್ರಹವಾದ ಹೆಸರಿಗೂ ಉಚ್ಚಾರದ ದಾರಿಯಲ್ಲಿ ಸಂಗ್ರಹವಾದ ಹೆಸರಿಗೂ ಅನುಕ್ರಮವೇ ಬೇರೆ. ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನು ಹಾಕಿ ಅಕಾ೯ವತಿ ಎಂದು ಬೆರಳಚ್ಚಿಸುವವರೂ ಉಂಟು. ಓದುವ ಕಣ್ಣು ಇದನ್ನು ಕ್ಷಮಿಸುತ್ತದೆ. ಹುಡುಕುವ ಯಂತ್ರ ಕ್ಷಮಿಸದು. ಅದರ ಪಾಲಿಗೆ ಅದು ಒಂಬತ್ತು ಎಂಬ ಅಂಕಿ ನಡುವೆ ನುಸುಳಿದ ಬೇರೊಂದು ಪದ.

ಈಗ ಉಚ್ಚಾರದ ದಾರಿಯಲ್ಲಿ ಚನ್ನಪಟ್ಟಣವನ್ನು ಬರೆಯೋಣ. ಚ 3226, ನ 3240, ಹಲಂತ 3277, ಮತ್ತೆ ನ 3240, ಪ 3242, ಟ 3231, ಹಲಂತ 3277, ಮತ್ತೆ ಟ 3231, ಕೊನೆಗೆ ಣ 3235. ಒಟ್ಟು ಒಂಬತ್ತು ಸಂಕೇತಗಳು. ಜಾವಾ, ಪೈಥಾನ್‌ಗಳು ಹೇಳಿದ 9 ಇದೇ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆಯಲ್ಲಿ ಈ ಹೆಸರನ್ನು ಮೂಡಿಸಲು ಒತ್ತುವ ಅಕ್ಷರದ ಕೀಲಿಗಳೂ ಒಂಬತ್ತೇ. ಆದುದರಿಂದ 9 ಎಂಬುದನ್ನು ಬೆರಳಚ್ಚುಗಾರನ ಲೆಕ್ಕ ಎನ್ನಬಹುದು. ಓದುವವನ ಲೆಕ್ಕ ಐದು. ಹಾಗಾದರೆ 27 ಯಾರ ಲೆಕ್ಕ? ಅದು ಉಗ್ರಾಣದವನ ಲೆಕ್ಕ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಬಿಡದಿ ಕೈಗಾರಿಕಾ ಪ್ರದೇಶ ಸಿಗುತ್ತದೆ. 1999ರಿಂದ ಅಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೋಟಾರು ವಾಹನಗಳು ತಯಾರಾಗುತ್ತಿವೆ. ಇನ್ನೂ ಹಲವು ಕಾರ್ಖಾನೆಗಳು ಅಲ್ಲಿವೆ. ಅಂಥ ಪ್ರದೇಶದಲ್ಲಿ ಬಿಡಿಭಾಗಗಳ ಒಂದು ಉಗ್ರಾಣವನ್ನು ಕಲ್ಪಿಸಿಕೊಳ್ಳಿ. ಅಲ್ಲಿಯ ಅಧಿಕಾರಿ ಎಲ್ಲ ವಸ್ತುಗಳಿಗೂ ಒಂದೇ ಅಳತೆಯ ಪೆಟ್ಟಿಗೆಗಳನ್ನು ಮಾಡಿಸಿದನೆನ್ನಿ. ನೂರನೆಯ ಪೆಟ್ಟಿಗೆ ಬೇಕಾದರೆ ಹುಡುಕಬೇಕಾಗಿಲ್ಲ. ಒಂದು ಪೆಟ್ಟಿಗೆಯ ಅಗಲವನ್ನು 99ರಿಂದ ಗುಣಿಸಿ, ಅಷ್ಟು ದೂರ ನಡೆದು ಕೈಹಾಕಿದರೆ ಆಯಿತು. ಆದರೆ ಕಾರಿನ ಬಾಗಿಲು ಹಿಡಿಯುವ ಪೆಟ್ಟಿಗೆಯಲ್ಲಿ ಒಂದೊಂದು ನಟ್ಟನ್ನೂ ಇಡಬೇಕಾಗುತ್ತದೆ. ಉಗ್ರಾಣದ ಬಹುಭಾಗ ಬರಿದಾಗಿಯೇ ಇರುತ್ತದೆ. ಇನ್ನೊಬ್ಬ ಅಧಿಕಾರಿ ವಸ್ತುವಿಗೆ ತಕ್ಕ ಪೆಟ್ಟಿಗೆ ಮಾಡಿಸಿ ಒತ್ತೊತ್ತಾಗಿ ಜೋಡಿಸುತ್ತಾನೆ. ಜಾಗ ಉಳಿಯಿತು. ಆದರೆ ನೂರನೆಯದು ಬೇಕೆಂದರೆ ಮೊದಲನೆಯದರಿಂದ ಒಂದೊಂದಾಗಿ ಎಣಿಸಿಕೊಂಡೇ ಹೋಗಬೇಕು. ಜಾಗದ ಉಳಿತಾಯ, ಶೀಘ್ರವಾಗಿ ಕೈಗೆ ಸಿಗುವ ಅನುಕೂಲ ಎರಡೂ ಏಕಕಾಲಕ್ಕೆ ಪೂರ್ತಿಯಾಗಿ ದೊರೆಯುವುದಿಲ್ಲ. ಸರಗಳನ್ನು ಕೂಡಿಡುವ ವಿಧಾನಗಳ ಗುಣದೋಷವೆಲ್ಲ ಈ ಒಂದು ಮಾತಿನಲ್ಲಿದೆ.

ಸಂಕೇತಕ್ಕೆ ನಾಲ್ಕು ಬೈಟುಗಳ ಸಮಪೆಟ್ಟಿಗೆ ಕೊಡುವುದು ಒಂದು ವಿಧಾನ. ಒಂದು ಲಕ್ಷ ಸಂಕೇತಗಳ ಕನ್ನಡ ಬರೆಹಕ್ಕೆ ಆಗ ನಾಲ್ಕು ಲಕ್ಷ ಬೈಟುಗಳು ಬೇಕು. ಎರಡು ಬೈಟುಗಳ ಪೆಟ್ಟಿಗೆ ಎರಡನೆಯ ವಿಧಾನ; ಅದೇ ಬರೆಹಕ್ಕೆ ಎರಡು ಲಕ್ಷ ಸಾಕು. ಮೂರನೆಯದು ಯುಟಿಎಫ್-8 ಎಂಬ ಅಸಮಪೆಟ್ಟಿಗೆಯ ವಿಧಾನ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು ಇದನ್ನು 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ತಟ್ಟೆಯ ಕೆಳಗಿನ ಹಾಸುಕಾಗದದ ಮೇಲೆ ಬರೆದು ರೂಪಿಸಿದರು. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು. ಕನ್ನಡದ ಸಂಕೇತಕ್ಕೆ ಮೂರು. ಚನ್ನಪಟ್ಟಣದ ಒಂಬತ್ತು ಮೂರರಿಂದ ಗುಣಿತವಾಗಿ 27 ಆದದ್ದು ಹೀಗೆ. ನಮ್ಮ ಬರೆಹಕ್ಕೆ ಮೂರುಪಟ್ಟು ಸುಂಕವೇ ಎಂದು ಕೇಳುಗರಿಗೆ ಅನ್ನಿಸಿದರೆ ಅದು ಸಹಜ. ಆದರೆ ಈ ಪದ್ಧತಿಗೆ ಒಂದು ಸದ್ಗುಣವಿದೆ. ಕನ್ನಡದ ಪ್ರತಿಯೊಂದು ಸಂಕೇತವೂ 224 ಎಂಬ ಬೈಟಿನಿಂದ ಆರಂಭವಾಗುತ್ತದೆ. ಹಿಂಬಾಲಿಸುವ ಎರಡು ಬೈಟುಗಳು ಯಾವಾಗಲೂ 128ರಿಂದ 191ರ ಒಳಗೇ ಇರುತ್ತವೆ. ಆದ್ದರಿಂದ ಸರದ ನಡುವೆ ಎಲ್ಲಿಗೆ ಬಿದ್ದರೂ, ಎರಡು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ಸಂಕೇತದ ಆರಂಭ ಸಿಕ್ಕೇಸಿಗುತ್ತದೆ. ನಡುವೆ ಒಂದು ಬೈಟು ಕೆಟ್ಟರೂ ಮುಂದಿನದೆಲ್ಲ ಕೆಡುವುದಿಲ್ಲ. ಇಂದು ಅಂತರಜಾಲದ ಬಹುಪಾಲು ಬರೆಹ ಸಂಚರಿಸುವುದು ಈ ವೇಷದಲ್ಲಿಯೇ.

ಪ್ರೋಗ್ರಾಮಿಂಗ್ ಭಾಷೆಗಳು ಈ ದಾರಿಗಳಲ್ಲಿ ತಮಗೆ ತೋಚಿದ್ದನ್ನು ಆರಿಸಿಕೊಂಡವು. 1995ರಲ್ಲಿ ಬಂದ ಜಾವಾ, ಜಾವಾಸ್ಕ್ರಿಪ್ಟ್‌ಗಳ ಕಾಲದಲ್ಲಿ ಯೂನಿಕೋಡಿಗೆ 65,536 ಸ್ಥಾನಗಳು ಸಾಕೆಂದು ನಂಬಲಾಗಿತ್ತು. ಅದು ಎರಡು ಬೈಟುಗಳಲ್ಲಿ ಹಿಡಿಯುವ ಮಿತಿ. 1996ರಲ್ಲಿ ಆ ಮಿತಿಯನ್ನು ದಾಟಿ ಯೂನಿಕೋಡ್ ವಿಸ್ತಾರಗೊಂಡಿತು. ಮಿತಿಯಾಚೆಯ ಸಂಕೇತಗಳಿಗೆ ಎರಡೆರಡು ಪೆಟ್ಟಿಗೆಗಳನ್ನು ಜೋಡಿಸಿ ಕೊಡಬೇಕಾಯಿತು. ಸಮಪೆಟ್ಟಿಗೆಯ ಅನುಕೂಲ ಹೋಯಿತು, ಅಸಮಪೆಟ್ಟಿಗೆಯ ಉಳಿತಾಯವೂ ಪೂರ್ತಿ ಸಿಗಲಿಲ್ಲ. ಕನ್ನಡ ಲಿಪಿ ಮಿತಿಯೊಳಗೇ ಇರುವುದರಿಂದ ನಮಗೆ ಇದರ ಬಿಸಿ ತಟ್ಟಲಿಲ್ಲ. ಆದರೆ ನಮ್ಮ ನಾಡಿನದೇ ಆದ ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿದಾಗ ಅದಕ್ಕೆ ಸ್ಥಾನ ದೊರೆತದ್ದು ಮಿತಿಯ ಆಚೆ. ಆ ಲಿಪಿಯ ಒಂದು ಸಂಕೇತವನ್ನು ಈ ಭಾಷೆಗಳು ಎರಡೆಂದು ಎಣಿಸುತ್ತವೆ. ಅಜಾಗರೂಕನಾದ ಪ್ರೋಗ್ರಾಂ ಲೇಖಕ ಅದನ್ನು ನಡುವೆ ಸೀಳಿಬಿಡಲೂಬಹುದು.

ಪೈಥಾನ್ 2012ರಲ್ಲಿ ಒಂದು ಚತುರ ಉಪಾಯವನ್ನು ಹೂಡಿತು. ಪ್ರತಿಯೊಂದು ಸರಕ್ಕೂ ಸಮಪೆಟ್ಟಿಗೆಗಳೇ. ಆದರೆ ಪೆಟ್ಟಿಗೆಯ ಅಳತೆ ಆ ಸರದ ಅತಿ ದೊಡ್ಡ ಮಣಿಗೆ ತಕ್ಕದ್ದು. ಬರಿಯ ಇಂಗ್ಲಿಷಾದರೆ ಒಂದು ಬೈಟು, ಕನ್ನಡ ಬಂದರೆ ಎರಡು. ಇಷ್ಟನೆಯ ಸಂಕೇತ ಎಂದೊಡನೆ ಗುಣಾಕಾರದಿಂದ ಸಿಗುತ್ತದೆ. ಆದರೆ ನೂರು ಪುಟಗಳ ಕನ್ನಡ ಬರೆಹವನ್ನು ಒಂದೇ ಸರವಾಗಿ ಇಟ್ಟುಕೊಂಡು, ಅದರ ಕೊನೆಗೆ ಯಾರಾದರೂ ಒಂದೇ ಒಂದು ನಗುಮೊಗದ ಚಿತ್ರವನ್ನು ಸೇರಿಸಿದರೆ ಸಾಕು. ಆ ಚಿತ್ರದ ಸಂಕೇತ ದೊಡ್ಡದಾದ್ದರಿಂದ ನೂರು ಪುಟಗಳ ಪ್ರತಿಯೊಂದು ಪೆಟ್ಟಿಗೆಯೂ ನಾಲ್ಕು ಬೈಟಿಗೆ ಹಿಗ್ಗುತ್ತದೆ. ಅಲ್ಲದೆ ಹೀಗೆ ಶೀಘ್ರವಾಗಿ ಕೈಗೆ ಸಿಕ್ಕಿದ್ದಾದರೂ ಏನು? ಚನ್ನಪಟ್ಟಣದ ಮೂರನೆಯದು ಯಾವುದು ಎಂದರೆ ಬರುವುದು ಬರಿಯ ಹಲಂತ ಚಿಹ್ನೆ. ಪ ಎಂದು ಹೇಳಬೇಕಾಗಿದ್ದ ಮಗು ನಕ್ಕೀತು.

2009ರಲ್ಲಿ ಪ್ರಕಟವಾದ ಗೋ ಭಾಷೆಯ ಕರ್ತೃಗಳಲ್ಲಿ ಯುಟಿಎಫ್-8ರ ಜನಕರಿಬ್ಬರೂ ಇದ್ದರು. ಅದು ಸರವನ್ನು ಬೈಟುಗಳಾಗಿಯೇ ಇಟ್ಟು, ಉದ್ದ ಕೇಳಿದರೆ 27 ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸಂಕೇತಗಳು ಬೇಕಾದವರು ಆರಂಭದಿಂದ ನಡೆದುಕೊಂಡು ಹೋಗಲಿ ಎನ್ನುತ್ತದೆ. 2015ರಲ್ಲಿ ಮೊದಲ ಸ್ಥಿರ ರೂಪ ಪಡೆದ ರಸ್ಟ್ ಇನ್ನೂ ಕಟ್ಟುನಿಟ್ಟು. ಮೂರನೆಯದನ್ನು ಕೊಡು ಎಂಬ ಪ್ರಶ್ನೆಯನ್ನೇ ಅದು ಒಪ್ಪುವುದಿಲ್ಲ. ಬೈಟುಗಳ ಲೆಕ್ಕದಲ್ಲಿ ಸರದ ಒಂದು ತುಂಡನ್ನು ಕೇಳಬಹುದು. ಆ ಗಡಿ ಒಂದು ಸಂಕೇತದ ನಡುವೆ ಬಿದ್ದರೆ ಪ್ರೋಗ್ರಾಂ ಅಲ್ಲಿಗೇ ನಿಂತುಬಿಡುತ್ತದೆ. ಮುರಿದ ಅಕ್ಷರವನ್ನು ಮುಂದಕ್ಕೆ ಸಾಗಹಾಕುವುದಕ್ಕಿಂತ ನಿಲ್ಲುವುದು ಮೇಲು ಎಂಬುದು ಅದರ ನಿಲುವು.

2014ರಲ್ಲಿ ಬಂದ ಸ್ವಿಫ್ಟ್ ಓದುಗನ ಕಡೆಗೆ ತಿರುಗಿದ ಭಾಷೆ. ಅದರಲ್ಲಿ ಮಣಿ ಎಂದರೆ ಬೈಟೂ ಅಲ್ಲ, ಸಂಕೇತವೂ ಅಲ್ಲ. ಓದುವವನು ಒಂದೆಂದು ಭಾವಿಸುವ ಸಂಕೇತಗಳ ಗೊಂಚಲು. ಗೊಂಚಲಿನ ಗಡಿಗಳನ್ನು ನಿರ್ಣಯಿಸುವ ನಿಯಮಗಳು ಯೂನಿಕೋಡಿನವು. ಎಷ್ಟು ಮಣಿ ಎಂದು ತಿಳಿಯಲು ಸರದ ಉದ್ದಕ್ಕೂ ನಡೆಯಲೇಬೇಕು, ಇದು ದುಬಾರಿ. ಮೈಸೂರು ರಸ್ತೆಯಲ್ಲಿ ಮೈಲಿಗಲ್ಲುಗಳನ್ನು ನೆಟ್ಟಂತೆ ಸರದ ನಡುನಡುವೆ ಗುರುತುಗಳನ್ನು ಇಟ್ಟುಕೊಂಡು ಈ ಬಗೆಯ ನಡಿಗೆಯನ್ನು ಕಡಿಮೆಮಾಡುವ ಉಪಾಯಗಳುಂಟು. ಆ ಗುರುತುಗಳಿಗೂ ಜಾಗ ಬೇಕು, ಸರ ಬದಲಾದಾಗ ಅವುಗಳನ್ನೂ ಕಿತ್ತು ನೆಡಬೇಕು. ಓದುಗನಿಗೆ ಹತ್ತಿರವಾದ ಲೆಕ್ಕ ಯಂತ್ರಕ್ಕೆ ದೂರವಾದದ್ದು ಎಂಬುದಂತೂ ಸ್ಪಷ್ಟ.

ಆದರೂ ಸ್ವಿಫ್ಟ್ ಮಗುವಿನ ಐದನ್ನು ಹೇಳದೆ ಏಳು ಎಂದದ್ದೇಕೆ? ಯೂನಿಕೋಡಿನ ಹಳೆಯ ನಿಯಮದಲ್ಲಿ ಸ್ವರಚಿಹ್ನೆಯೂ ಹಲಂತವೂ ತಮ್ಮ ಹಿಂದಿನ ವ್ಯಂಜನದೊಡನೆ ಗೊಂಚಲಾಗುತ್ತಿದ್ದವು; ಹಲಂತದ ಮುಂದೆ ಬರುವ ವ್ಯಂಜನ ಮಾತ್ರ ಬೇರೆ ಗೊಂಚಲಾಗುತ್ತಿತ್ತು. ಆಗ ನ್ನ ಎಂಬುದು ನ್ ಮತ್ತು ನ ಎಂದು ಎರಡಾಗುತ್ತದೆ. ಟ್ಟ ಕೂಡ ಹಾಗೆಯೇ. 2023ರ 15.1ನೆಯ ಆವೃತ್ತಿಯಲ್ಲಿ ಈ ಕೊರತೆಯನ್ನು ತುಂಬಿ, ಒತ್ತಕ್ಷರವನ್ನು ಒಂದೇ ಗೊಂಚಲೆಂದು ಎಣಿಸುವ ನಿಯಮವನ್ನು ಸೇರಿಸಿದರು. ಆದರೆ ಅದು ಅನ್ವಯವಾದದ್ದು ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಚನ್ನಪಟ್ಟಣವನ್ನು ಕನ್ನಡಕ್ಕೆ ಅಷ್ಟು ಹತ್ತಿರದ ತೆಲುಗು ಲಿಪಿಯಲ್ಲಿ ಬರೆದರೆ ಆ ನಿಯಮದಂತೆ ಐದು, ಕನ್ನಡ ಲಿಪಿಯಲ್ಲಿ ಬರೆದರೆ ಏಳು. ಲಿಪಿಯನ್ನು ಬಲ್ಲವರು ಇಂಥ ನಿಯಮಗಳು ರಚನೆಯಾಗುವ ಎಡೆಯಲ್ಲಿ ಕುಳಿತು ಮಾತನಾಡುವುದು ಎಷ್ಟು ಅಗತ್ಯವೆಂಬುದನ್ನು ಇದಕ್ಕಿಂತ ಬೇರೆ ಉದಾಹರಣೆ ಹೇಳಬೇಕಾಗಿಲ್ಲ.

ಇನ್ನು ಇದರಿಂದ ಆಗುವ ಹಾನಿಯನ್ನು ನೋಡೋಣ. ಬಿಡದಿಯ ಯಾವುದೋ ಕಾರ್ಖಾನೆಯ ಹಾಜರಿ ಚೀಟಿಯಲ್ಲಿ ಹೆಸರಿಗೆಂದು ಹನ್ನೆರಡು ಬೈಟುಗಳ ಜಾಗ ಬಿಟ್ಟಿದ್ದಾರೆ ಎಂದು ಊಹಿಸಿಕೊಳ್ಳಿ. ಲಕ್ಷ್ಮಮ್ಮ ಎಂಬ ಹೆಸರು ಇಂಗ್ಲಿಷಿನಲ್ಲಿ ಹತ್ತು ಅಕ್ಷರ. ಆ ಜಾಗದಲ್ಲಿ ನಿರಾಯಾಸವಾಗಿ ಹಿಡಿಯುತ್ತದೆ. ಕನ್ನಡದಲ್ಲಿ ಓದುವವರಿಗೆ ಅದು ಲ, ಕ್ಷ್ಮ, ಮ್ಮ ಎಂಬ ಮೂರೇ ಅಕ್ಷರ. ಆದರೆ ಸಂಕೇತಗಳು ಒಂಬತ್ತು, ಬೈಟುಗಳು ಇಪ್ಪತ್ತೇಳು. ಹನ್ನೆರಡು ಬೈಟಿಗೆ ಕತ್ತರಿ ಬಿದ್ದರೆ ಉಳಿಯುವುದು ಲ, ಕ, ಹಲಂತ, ಷ ಎಂಬ ನಾಲ್ಕು ಸಂಕೇತಗಳು, ಎಂದರೆ ಲಕ್ಷ. ಲಕ್ಷ್ಮಮ್ಮ ಲಕ್ಷವಾದಳು. ಇಲ್ಲಿ ಯಾವ ಸಂಕೇತವೂ ಮುರಿದಿಲ್ಲ, ಯಾವ ಯಂತ್ರವೂ ತಪ್ಪೆಂದು ಕೂಗುವುದಿಲ್ಲ, ಉಳಿದದ್ದು ನಿಘಂಟಿನಲ್ಲಿರುವ ಸಾಧುವಾದ ಪದ. ಕಣ್ಣಿಗೆ ಕಾಣದ ಈ ಬಗೆಯ ದೋಷವೇ ಹೆಚ್ಚು ಅಪಾಯಕರ.

ಇನ್ನೊಂದು ಉದಾಹರಣೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ರಾಮನಗರಕ್ಕೆ ಆರು ಸಂಕೇತ, ಹದಿನೆಂಟು ಬೈಟು. ಹೊಸ ಹೆಸರಿಗೆ ನಡುವಿನ ತೆರವೂ ಸೇರಿ ಹದಿನೈದು ಸಂಕೇತ, ನಲವತ್ತಮೂರು ಬೈಟು. ಜಿಲ್ಲೆಯ ಹೆಸರಿಗೆ 32 ಬೈಟು ಧಾರಾಳವಾಯಿತೆಂದು ಹಿಂದೆ ಯಾರಾದರೂ ಭಾವಿಸಿದ್ದರೆ, ಈಗ ಅಲ್ಲಿ ಮೂಡುವುದು ಬೆಂಗಳೂರು ದಕ ಎಂಬಷ್ಟು, ಅದರ ಪಕ್ಕದಲ್ಲಿ ಹಲಂತದ ಮೂರರಲ್ಲಿ ಒಂದು ಪಾಲಾದ ಅನಾಥ ಬೈಟು. ತೆರೆಯ ಮೇಲೆ ಅದು ಸಾಮಾನ್ಯವಾಗಿ ಪ್ರಶ್ನೆಚಿಹ್ನೆ ಹೊತ್ತ ಕಪ್ಪು ವಜ್ರದಂತೆ ಕಾಣುತ್ತದೆ. ಅಷ್ಟೇಕೆ, ನಮ್ಮ ಮೊಬೈಲ್ ಫೋನಿನ ಕಿರುಸಂದೇಶದ ಅಳತೆ 140 ಬೈಟು. ಅದರಲ್ಲಿ ಇಂಗ್ಲಿಷಿನ 160 ಅಕ್ಷರಗಳನ್ನು ಅಡಕಮಾಡಿ ತುಂಬಬಹುದು. ಕನ್ನಡಕ್ಕೆ ಸಾಮಾನ್ಯ ವಿಧಾನದಲ್ಲಿ ದೊರೆಯುವುದು 70 ಸಂಕೇತ. ಚನ್ನಪಟ್ಟಣ ಎಂದು ಒಮ್ಮೆ ಬರೆದರೆ ಒಂಬತ್ತು ಮುಗಿದವು. ಇಂಗ್ಲಿಷಿನಲ್ಲಿ ಒಂದು ಸಂದೇಶದಲ್ಲಿ ಮುಗಿಯುವ ಮಾತಿಗೆ ಕನ್ನಡದಲ್ಲಿ ಎರಡು ಮೂರು ಸಂದೇಶಗಳ ಬೆಲೆ ತೆರಬೇಕಾಗಿ ಬರುವುದು ಇದರಿಂದಲೇ.

ಹೋಲಿಸುವಾಗಲೂ ಎಚ್ಚರ ಬೇಕು. ತೋಟ ಎಂಬ ಪದದ ಓಕಾರವನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಡಬಹುದು. ಯೂನಿಕೋಡಿನ ದೃಷ್ಟಿಯಲ್ಲಿ ಎರಡೂ ಸಮಾನ. ತೆರೆಯ ಮೇಲೂ ಎರಡೂ ಒಂದೇ ತೋಟ. ಆದರೆ ಮೊದಲನೆಯದು ಮೂರು ಸಂಕೇತಗಳ ಸರ, ಎರಡನೆಯದು ಐದರದು. ಹೋಲಿಸುವ ಮುನ್ನ ಎರಡನ್ನೂ ಒಂದೇ ಪಡಿಯಚ್ಚಿಗೆ ತರದೆ ಹೋದರೆ, ಒಂದು ದಾಖಲೆಯ ತೋಟ ಇನ್ನೊಂದು ದಾಖಲೆಯ ತೋಟವಲ್ಲ ಎಂದು ಯಂತ್ರ ತೀರ್ಪು ಕೊಟ್ಟುಬಿಡುತ್ತದೆ.

ಹಾಗಾದರೆ ಎಲ್ಲ ಭಾಷೆಗಳೂ ಮಗುವಿನಂತೆ ಅಕ್ಷರವನ್ನೇ ಎಣಿಸಿದರೆ ಸಾಲದೆ ಎಂದು ಕೇಳಬಹುದು. ಸಾಲದು. ತಂತಿಯ ಮೇಲೆ ಕಳುಹಿಸುವಾಗ, ಸ್ಮೃತಿಯಲ್ಲಿ ಜಾಗ ಕಾದಿರಿಸುವಾಗ ಬೈಟುಗಳ ಲೆಕ್ಕವೇ ಬೇಕು. ಬೆರಳಚ್ಚಿಸುವಾಗ ಕಿ ಎಂದು ಹೊಡೆಯಬೇಕಾದಲ್ಲಿ ಕೆ ಬಿದ್ದರೆ, ಅಳಿಸುವ ಕೀಲಿ ಸ್ವರಚಿಹ್ನೆಯನ್ನಷ್ಟೇ ತೆಗೆದು ಕ ಅನ್ನು ಉಳಿಸಿಕೊಟ್ಟರೆ ಅನುಕೂಲ. ಹಲವು ತಂತ್ರಾಂಶಗಳು ಹಾಗೆಯೇ ಮಾಡುತ್ತವೆ. ಅಲ್ಲಿ ಸಂಕೇತದ ಲೆಕ್ಕವೇ ಸರಿ. ಆದರೆ ಅದೇ ತಂತ್ರಾಂಶದಲ್ಲಿ ಬಾಣದ ಕೀಲಿ ಒತ್ತಿದರೆ ಗುರುತು ಇಡೀ ಅಕ್ಷರವನ್ನು ದಾಟಬೇಕು. ಅಲ್ಲಿ ಓದುಗನ ಲೆಕ್ಕ. ಇನ್ನು ಚೀಟಿಯ ಅಗಲಕ್ಕೆ ಹೆಸರು ಹಿಡಿಯುವುದೇ ಎಂಬ ಪ್ರಶ್ನೆಗೆ ಈ ಯಾವ ಲೆಕ್ಕವೂ ಉತ್ತರ ಕೊಡದು. ರ ಕಿರಿದು, ಝಾ ಅಗಲ. ಅಚ್ಚಾದ ರೂಪವನ್ನೇ ಅಳೆದು ನೋಡಬೇಕು.

ಒಂದೇ ಸಾಲನ್ನು ಹಲವು ಮಾನಗಳಿಂದ ಅಳೆಯುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯ ಕಾಲದಿಂದಲೂ ನಮ್ಮ ಛಂದಸ್ಸು ಅಕ್ಷರ, ಮಾತ್ರೆ, ಅಂಶ ಎಂಬ ಮೂರು ಬಗೆಯ ಗಣಗಳನ್ನು ಬಲ್ಲದು. ಉತ್ಪಲಮಾಲೆಯ ಪಾದಕ್ಕೆ ಇಪ್ಪತ್ತು ಅಕ್ಷರ. ಅಲ್ಲಿ ಅಕ್ಷರವನ್ನು ಎಣಿಸುತ್ತೇವೆ. ಕಂದದಲ್ಲಿ ನಾಲ್ಕು ನಾಲ್ಕು ಮಾತ್ರೆಯ ಗಣ. ಅಲ್ಲಿ ಕಾಲವನ್ನು ಎಣಿಸುತ್ತೇವೆ. ತ್ರಿಪದಿಯಲ್ಲಿ ಅಂಶವನ್ನು. ಚನ್ನಪಟ್ಟಣವೆಂಬ ಪದ ಅಕ್ಷರದ ಲೆಕ್ಕದಲ್ಲಿ ಐದು. ಒತ್ತಕ್ಷರದ ಹಿಂದಿನ ಚ, ಪಗಳು ಗುರುವಾಗಿ ಮಾತ್ರೆಯ ಲೆಕ್ಕದಲ್ಲಿ ಏಳು. ಇವೆರಡರಲ್ಲಿ ಯಾವುದು ನಿಜ ಎಂದು ಯಾವ ಲಾಕ್ಷಣಿಕನೂ ಜಗಳವಾಡಲಿಲ್ಲ. ಯಾವ ಬಂಧಕ್ಕೆ ಯಾವ ಲೆಕ್ಕ ಎಂಬುದನ್ನು ಮಾತ್ರ ಖಚಿತಪಡಿಸಿದರು. ಕಂದವನ್ನು ಅಕ್ಷರ ಎಣಿಸಿ ಬರೆಯಹೊರಟವನ ಪದ್ಯ ಕೆಡುವುದು ಎಣಿಕೆ ತಪ್ಪಿದ್ದರಿಂದಲ್ಲ, ಎಣಿಸಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಎಣಿಸಿದ್ದರಿಂದ.

ಗಣಕದ ಭಾಷೆಗಳ ವಿಷಯದಲ್ಲಿಯೂ ನಾವು ಈ ವಿವೇಕವನ್ನು ತರಬೇಕಾಗಿದೆ. ಎಲ್ಲ ಲೆಕ್ಕಗಳನ್ನೂ ಏಕಪ್ರಕಾರವಾಗಿ ಸುಲಭ ಮಾಡಿಕೊಟ್ಟ ಭಾಷೆ ಇಲ್ಲ. ಪ್ರತಿಯೊಂದೂ ಯಾವುದೋ ಒಂದನ್ನು ಅಗ್ಗಮಾಡಿ ಇನ್ನೊಂದನ್ನು ತುಟ್ಟಿಮಾಡಿದೆ. ಕನ್ನಡದಲ್ಲಿ ದಾಖಲೆ ಇಡುವ ಪ್ರೋಗ್ರಾಮನ್ನು ಬರೆಯುವವರು, ಬರೆಸುವ ಕಚೇರಿಗಳವರು, ಕೊಳ್ಳುವ ಕಾರ್ಖಾನೆಗಳವರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಈ ಜಾಗದ ಅಳತೆ ಬೈಟಿನಲ್ಲೋ ಸಂಕೇತದಲ್ಲೋ ಅಕ್ಷರದಲ್ಲೋ? ಸಾಲದೆ ಬಂದಾಗ ಕತ್ತರಿ ಎಲ್ಲಿ ಬೀಳುತ್ತದೆ? ಒತ್ತಕ್ಷರದ ನಡುವೆ ಬೀಳದಂತೆ ತಡೆಯಿದೆಯೆ? ಲಕ್ಷ್ಮಮ್ಮ, ಕೃಷ್ಣಪ್ಪ, ಚನ್ನಪಟ್ಟಣ, ಅರ್ಕಾವತಿ ಎಂಬಂಥ ಹೆಸರುಗಳನ್ನು ಕೊಟ್ಟು ಪರೀಕ್ಷಿಸಿದ್ದಾರೆಯೆ? ಇಂಗ್ಲಿಷ್ ಹೆಸರುಗಳನ್ನು ಕೊಟ್ಟು ನೋಡಿದರೆ ಎಲ್ಲ ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ. ಸ್ಮೃತಿಯ ಬೆಲೆ ಹಿಂದಿನ ಕಾಲಕ್ಕಿಂತ ಬಹಳ ಇಳಿದಿದೆ. ನಾಲ್ಕು ಹೆಜ್ಜೆ ಹೆಚ್ಚು ನಡೆಯುವುದು ಯಂತ್ರಕ್ಕೆ ಭಾರವಲ್ಲ. ಆದರೆ ದಾಖಲೆಯಲ್ಲಿ ತನ್ನ ಹೆಸರು ತನ್ನದಾಗಿಲ್ಲದ ಹೆಣ್ಣುಮಗಳೊಬ್ಬಳು ಅದನ್ನು ಸರಿಪಡಿಸಿಕೊಳ್ಳಲು ಬಿಡದಿಯಿಂದ ರಾಮನಗರಕ್ಕೆ ಎಷ್ಟು ಸಲ ಅಲೆಯಬೇಕಾದೀತು ಎಂಬುದನ್ನು ಎಣಿಸುವ ಭಾಷೆಯನ್ನು ಇನ್ನೂ ಯಾರೂ ರಚಿಸಿಲ್ಲ. ಆ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು.